ಪದ ಪರಿಚಯ: ಎರಡನೇ ವಿಪತ್ತು

ನೆರೆ ಬಂದ, ಭೂಮಿ ನಡುಗಿದ ಊರಿಗೆ ಯಾರೂ ಕೇಳದೆ ಬಂದು ಬೀಳುವ ಸಾಮಾನಿನ ರಾಶಿಗೆ ಪರಿಹಾರ ಕೆಲಸದವರು ಇಟ್ಟ ಹೆಸರು ‘ಎರಡನೇ ವಿಪತ್ತು’. ಹೆಸರು ಸ್ವಲ್ಪ ಖಾರವಾಗಿದೆ ನಿಜ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಆ ರಾಶಿಯಿಂದ ಏನೇನಾಗುತ್ತದೆ ಅಂತ ನೋಡಿದರೆ ಹೆಸರು ತಪ್ಪು ಅನ್ನಿಸುವುದಿಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಬಡಿದ ಮೇಲೆ ತಮಿಳುನಾಡಿನ ನಾಗಪಟ್ಟಿಣಂ ಕಡೆಗೆ ಹಳೇ ಬಟ್ಟೆ ಲಾರಿಗಟ್ಟಲೆ ಬಂತು. ಅಲ್ಲಿನ ಮೀನುಗಾರರು ದುಡಿದು ತಿನ್ನುತ್ತಿದ್ದ ಜನ. ದೋಣಿ, ಬಲೆ ಹೋಯಿತು ಅಂದ ಮಾತ್ರಕ್ಕೆ ಬೇರೆಯವರು ಉಟ್ಟು ಬಿಟ್ಟದ್ದನ್ನು ಉಡಲು ಅವರಿಗೆ ಮನಸ್ಸಾಗಲಿಲ್ಲ. ಬಟ್ಟೆ ರಸ್ತೆ ಬದಿಯಲ್ಲೇ ಗುಡ್ಡೆ ಬಿತ್ತು. ಕೊನೆಗೆ ದೆಹಲಿಯ ಗೂಂಜ್ ಸಂಸ್ಥೆ ಅದನ್ನು ವಿಂಗಡಿಸುವ ಕೆಲಸಕ್ಕೆ ಇಳಿಯಿತು.

ವಿಂಗಡಿಸೋದು ಸಣ್ಣ ಕೆಲಸವಲ್ಲ. ಇಂಥ ಒಂದು ಮೂಟೆ ಬಿಚ್ಚಿ ನೋಡಿ. ಮೇಲೆ ಮಕ್ಕಳ ಫ್ರಾಕು, ಅದರಡಿ ರವಿಕೆ ಇಲ್ಲದ ಸೀರೆ, ಜಿಪ್ಪು ಕಿತ್ತ ಪ್ಯಾಂಟು, ಒಂಟಿ ಚಪ್ಪಲಿ, ಒಡೆದ ಬಿಸ್ಕತ್ ಪೊಟ್ಟಣ. ಬಿಸ್ಕತ್ತಿಗೆ ಇರುವೆ ಮುತ್ತಿರುತ್ತದೆ. ಮಳೆ ನೀರು ತಾಗಿದ್ದರೆ ಇಡೀ ಮೂಟೆ ಮುಗ್ಗಲು. ಗಂಡಸರದ್ದು, ಹೆಂಗಸರದ್ದು, ಮಕ್ಕಳದ್ದು ಅಂತ ಒಂದೊಂದನ್ನೂ ಬೇರೆ ಮಾಡಬೇಕು. ಮಾಡೋರು ಯಾರು? ಊಟ ಬಡಿಸಬೇಕಾದ, ಗಾಯಗೊಂಡವರನ್ನು ನೋಡಿಕೊಳ್ಳಬೇಕಾದ ಅದೇ ಸ್ವಯಂಸೇವಕರು. ಇಡೋದೆಲ್ಲಿ? ಜನ ಮಲಗಬೇಕಾದ ಶಾಲೆಯ ಕೋಣೆಯಲ್ಲೇ.

ಔಷಧಿಯ ಪಾಡು ಇನ್ನೂ ಕಷ್ಟ. 1988ರ ಆರ್ಮೇನಿಯಾ ಭೂಕಂಪದ ನಂತರ ಸುಮಾರು 5,000 ಟನ್ ಔಷಧಿ, ವೈದ್ಯಕೀಯ ಸಾಮಗ್ರಿ ಬಂತು. ಏನೇನು ಬಂದಿದೆ ಅಂತ ತಿಳಿಯಲು 50 ಜನಕ್ಕೆ ಆರು ತಿಂಗಳು ಹಿಡಿಯಿತು. ಶೇ 8ರಷ್ಟು ಔಷಧಿಯ ಅವಧಿ ಬರುವಾಗಲೇ ಮುಗಿದಿತ್ತು.

ದುಡ್ಡಿಗೆ ಈ ಪೇಚಾಟ ಇಲ್ಲ. ಇವತ್ತು ಟಾರ್ಪಾಲು ಬೇಕು, ಮುಂದಿನ ವಾರ ಬಾವಿಗೆ ಬ್ಲೀಚಿಂಗ್ ಪೌಡರ್ ಬೇಕು, ತಿಂಗಳಾದ ಮೇಲೆ ಪಾತ್ರೆ, ನೋಟ್‌ಬುಕ್ಕು ಬೇಕು. ಎಲ್ಲಕ್ಕೂ ದುಡ್ಡು ಒದಗುತ್ತದೆ. ಲಾರಿ ಬಾಡಿಗೆ ಉಳಿಯುತ್ತದೆ, ಸಗಟು ದರ ಸಿಗುತ್ತದೆ. ಹತ್ತಿರದ ಪೇಟೆಯಲ್ಲೇ ಕೊಂಡರೆ, ನೀರು ನುಗ್ಗಿ ನಷ್ಟವಾದ ಅಂಗಡಿಯವರಿಗೂ ವ್ಯಾಪಾರ ಆಗುತ್ತದೆ. ಕೆಲವು ಕಡೆ ಸಂತ್ರಸ್ತರ ಕೈಗೇ ಹಣ ಕೊಡುತ್ತಾರೆ. ನನಗಂತೂ ಇದೇ ಜಾಸ್ತಿ ಇಷ್ಟ. ತನ್ನ ಅಳತೆಯ ಒಳಉಡುಪು, ಸ್ಯಾನಿಟರಿ ಪ್ಯಾಡು, ಅತ್ತೆಯ ಬಿಪಿ ಮಾತ್ರೆ, ಇವನ್ನು ಒಬ್ಬ ಹೆಂಗಸು ಯಾರ ಮುಂದೂ ಬಾಯಿಬಿಟ್ಟು ಕೇಳದೆ ತಾನೇ ಕೊಳ್ಳಬಹುದು.

‘ದುಡ್ಡು ನುಂಗಿಬಿಟ್ಟರೆ?’ ಅನ್ನುವ ಅನುಮಾನ ಸಹಜ ಅಲ್ವಾ. ರಶೀದಿ ಕೇಳಿ, ಸಂಸ್ಥೆಯ ಹಿಂದಿನ ವರ್ಷಗಳ ಲೆಕ್ಕ ನೋಡಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಕೊಡಬಹುದು. ಹಳೇ ತೆರಿಗೆ ಪದ್ಧತಿಯವರಿಗೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ ಕೂಡ ಹಣಕ್ಕಷ್ಟೇ, ಸಾಮಾನಿಗಿಲ್ಲ.

ಹಾಗಂತ ಸಾಮಾನು ಬೇಡವೇ ಬೇಡ ಅಂತಲ್ಲ. ರಸ್ತೆ ಕಡಿದು, ಅಂಗಡಿಗಳೆಲ್ಲ ಮುಳುಗಿದ ಮೊದಲ ದಿನಗಳಲ್ಲಿ ಕುಡಿಯುವ ನೀರು, ಹೊದಿಕೆ ಹೊರಗಿನಿಂದಲೇ ಬರಬೇಕು. ಆಗಲೂ ಸುಮ್ನೆ ಕಳಿಸಬೇಡಿ. ಶಿಬಿರ ನಡೆಸುವವರಿಗೆ ಫೋನ್ ಮಾಡಿ, ಏನು ಬೇಕು, ಎಷ್ಟು ಬೇಕು ಅಂತ ಕೇಳಿ. ಹೊಸದನ್ನೇ ಕೊಳ್ಳಿ. ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆಯದ್ದು ಇರಲಿ. ಒಳಗೇನಿದೆ, ಎಷ್ಟಿದೆ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ.