ಅಕ್ಷರ ನಮಗೆ, ಚಿತ್ರ ಮಗುವಿಗೆ

ಚಿಕ್ಕ ಮಗುನ ತೊಡೆ ಮೇಲೆ ಕೂರಿಸ್ಕೊಂಡು ಚಿತ್ರದ ಪುಸ್ತಕ ಓದೋವಾಗ ಇಬ್ರೂ ಒಂದೇ ಪುಟ ನೋಡ್ತಿರ್ತೀವಿ, ಆದ್ರೆ ಓದ್ತಿರೋದು ಬೇರೆ ಬೇರೆ. ಕೆನಡಾದ ಸಂಶೋಧಕರಿಬ್ರು ನಾಲ್ಕು ವರ್ಷದ ಆಸುಪಾಸಿನ ಮಕ್ಕಳ ಕಣ್ಣು ಪುಟದಲ್ಲಿ ಎಲ್ಲೆಲ್ಲಿ ಓಡಾಡುತ್ತೆ ಅಂತ ಯಂತ್ರ ಇಟ್ಟು ಅಳೆದು 2005ರಲ್ಲಿ ಪ್ರಕಟಿಸಿದ್ರು. ಅಕ್ಷರದ ಕಡೆ ನೋಟ ಹೋಗಿದ್ದು ಇಲ್ಲ ಅನ್ನೋಷ್ಟು ಕಮ್ಮಿ, ಪೂರ್ತಿ ಗಮನ ಚಿತ್ರದ ಮೇಲೆ! ಹಾಗಾಗಿ ಕಥೆ ಕೇಳಿದ್ರೆ ಮಗು ತಾನಾಗೇ ಅಕ್ಷರ ಕಲಿಯುತ್ತೆ ಅನ್ನೋ ಆಸೆ ಸ್ವಲ್ಪ ಪಕ್ಕಕ್ಕಿಡಿ. ಸಿಗೋದು ಬೇರೆ ಲಾಭ, ಅದು ಮಾತು.

ಚಿತ್ರ ಅಂದ್ರೆ ಏನು ಅನ್ನೋದೂ ಮಗು ಕಲಿಬೇಕಾದ್ದೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದ ಹಾಗೆ ಒಂಬತ್ತು ತಿಂಗಳ ಕೂಸು ಪುಟದಲ್ಲಿರೋ ಆಟಿಕೆನ ಕೈಯಿಂದ ಎತ್ಕೊಳ್ಳೋಕೆ ನೋಡುತ್ತೆ, ಹತ್ತೊಂಬತ್ತು ತಿಂಗಳ ಹೊತ್ತಿಗೆ ಅದನ್ನ ಬಿಟ್ಟು ಬೆರಳು ತೋರ್ಸೋಕೆ ಶುರು ಮಾಡುತ್ತೆ.

ಆ ಬೆರಳಿಗೆ ನಾವೇನು ಉತ್ತರ ಕೊಡ್ತೀವಿ ಅನ್ನೋದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ತಂಡ 1988ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ, ಎರಡು ಮೂರು ವರ್ಷದ ಸುಮಾರು 30 ಮಕ್ಕಳು, ಎಲ್ಲರ ಮನೇಲೂ ಅಪ್ಪ ಅಮ್ಮ ಓದಿ ಹೇಳ್ತಾರೆ, ಆದ್ರೆ ಅರ್ಧ ಜನಕ್ಕೆ ಮಾತ್ರ ಓದೋ ರೀತಿ ಬದಲಾಯ್ಸೋಕೆ ಹೇಳ್ಕೊಟ್ರು: "ಇದು ಬೆಕ್ಕಾ?" ಅಂತ ಕೇಳ್ಬೇಡಿ, ಹೂಂ ಅಂದ್ಬಿಟ್ರೆ ಮಾತು ಮುಗೀತು, "ಬೆಕ್ಕು ಏನ್ಮಾಡ್ತಿದೆ?" ಅಂತ ಕೇಳಿ, ಮಗು "ಹಾಲು" ಅಂದ್ರೆ "ಹೌದು, ಬೆಕ್ಕು ಕದ್ದು ಹಾಲು ಕುಡೀತಿದೆ" ಅಂತ ಇನ್ನೊಂದೆರಡು ಪದ ಸೇರಿಸಿ ವಾಪಸ್ ಕೊಡಿ ಅನ್ನೋ ಥರ. ಒಂದೇ ತಿಂಗಳಲ್ಲಿ ಈ ಮಕ್ಕಳು ಮಾತಾಡೋ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಆರರಿಂದ ಎಂಟು ತಿಂಗಳು ಮುಂದಿದ್ರು. ಮಕ್ಕಳ ಸಂಖ್ಯೆ ಚಿಕ್ಕದು, ಒಂಬತ್ತು ತಿಂಗಳಾದ್ಮೇಲೆ ಆ ಅಂತರ ಅಷ್ಟು ಗಟ್ಟಿಯಾಗೇನೂ ಉಳೀಲಿಲ್ಲ, ಅದನ್ನೂ ಹೇಳ್ಬೇಕು. ಆದ್ರೂ ಖರ್ಚಿಲ್ಲದ ಉಪಾಯ, ಪುಸ್ತಕ ಪೂರ್ತಿ ಮುಗಿಸ್ಲೇಬೇಕು ಅನ್ನೋ ಹಠ ಬಿಟ್ರೆ ಸಾಕು.

ಪುಟ ತೆಗೆದ್ರೆ ಎದ್ದು ನಿಲ್ಲೋ ಪಾಪ್‌ಅಪ್ ಪುಸ್ತಕಕ್ಕೆ ಜಾಸ್ತಿ ದುಡ್ಡು ಕೊಡೋರು ಸ್ವಲ್ಪ ತಡೀರಿ. ಅಂಥದ್ದರಲ್ಲಿ ಪ್ರಾಣಿಗಳ ಹೆಸರು ಕಲಿಯೋದಕ್ಕಿಂತ ಸಾದಾ ಫೋಟೋ ಇರೋ ಪುಸ್ತಕದಲ್ಲಿ ಪುಟಾಣಿಗಳು ಚೆನ್ನಾಗಿ ಕಲಿತ್ರು ಅಂತ 2010ರಲ್ಲಿ ಡಿಲೋಚ್ ಜೊತೆಗಾರರದ್ದೇ ಇನ್ನೊಂದು ಅಧ್ಯಯನ ಹೇಳುತ್ತೆ. ಎಳೆಯೋದು ಕೀಳೋದರಲ್ಲೇ ಗಮನ ಹೋಗ್ಬಿಡುತ್ತೋ ಏನೋ.

ಇನ್ನು ಆ "ಇನ್ನೊಂದ್ಸಲ!" ಗೋಳು. ದಿನಾ ಅದೇ ಪುಸ್ತಕ, ನಡುವೆ ಒಂದು ಸಾಲು ಹಾರಿಸಿದ್ರೂ ಸಿಕ್ಕಿಬೀಳ್ತೀವಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸಿಕಾ ಹೋರ್ಸ್ಟ್ ತಂಡ 2011ರಲ್ಲಿ ಇದನ್ನೇ ಪರೀಕ್ಷೆ ಮಾಡ್ತು. ಮೂರು ವರ್ಷದ ಕೆಲವು ಮಕ್ಕಳಿಗೆ ಒಂದೇ ಕಥೆ ಮತ್ತೆ ಮತ್ತೆ, ಇನ್ನು ಕೆಲವರಿಗೆ ಬೇರೆ ಬೇರೆ ಕಥೆಗಳು, ಹೊಸ ಪದ ಕಿವಿಗೆ ಬಿದ್ದಿದ್ದು ಇಬ್ರಿಗೂ ಅಷ್ಟೇ ಸಲ. ಆ ಪದ ಕಲಿತು ನೆನಪಿಟ್ಕೊಂಡಿದ್ದು ಒಂದೇ ಕಥೆ ಕೇಳಿದೋರು. ಮುಂದೇನಾಗುತ್ತೆ ಅಂತ ಗೊತ್ತಿದ್ರೆ ಹೊಸ ಪದಕ್ಕೆ ಗಮನ ಕೊಡೋಕೆ ತಲೆ ಬಿಡುವಾಗಿರುತ್ತೆ ಅನ್ನೋದು ಒಂದು ವಿವರಣೆ.

ನಮಗೆ ಬೋರ್ ಆಗೋದೂ ನಿಜಾನೇ, ಅದಕ್ಕೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಫ್ರೀಯಾಗಿ ಸಿಗ್ತವೆ, ಅಲ್ಲಿ ಪದಗಳೇ ಇಲ್ಲದ ಪುಸ್ತಕಗಳೂ ಇವೆ. ಅಂಥದ್ದು ಹಿಡ್ಕೊಂಡ್ರೆ ಓದೋಕೆ ನಮಗೇನೂ ಇರಲ್ಲ, ಕಥೆ ಹೇಳೋ ಕೆಲಸ ಮಗುದೇ.