ಕಾಸ್‌ವೇ ದಾಟಿದರೆ ಬದುಕು ಎಷ್ಟು ಅಗ್ಗ?

ಸಿಂಗಪುರದ ವುಡ್‌ಲ್ಯಾಂಡ್ಸ್‌ಗೂ ಮಲೇಷ್ಯಾದ ಜೊಹೊರ್ ಬಾರುವಿಗೂ (ಜೆಬಿ) ನಡುವೆ ಇರುವುದು ಒಂದು ಕಿಲೋಮೀಟರಿಗಿಂತ ತುಸು ಉದ್ದದ ಕಾಸ್‌ವೇ, ಅಂದರೆ ಸಮುದ್ರದ ಮೇಲಿನ ಒಡ್ಡು ರಸ್ತೆ. 1924ರಿಂದ ಬಳಕೆಯಲ್ಲಿರುವ ಈ ದಾರಿಯನ್ನು ಈಗ ದಿನಕ್ಕೆ 3 ಲಕ್ಷಕ್ಕೂ ಹೆಚ್ಚು ಜನ ದಾಟುತ್ತಾರೆ. ಅವರಲ್ಲಿ ಬಹಳ ಮಂದಿಗೆ ಮನೆ ಆಚೆ, ಸಂಬಳ ಈಚೆ. ಸಿಂಗಪುರದಲ್ಲಿ ಕೆಲಸ ಹಿಡಿದ ಕನ್ನಡಿಗರಿಗೂ ಒಂದಲ್ಲ ಒಂದು ದಿನ ಈ ಯೋಚನೆ ಬರುತ್ತದೆ: ಜೆಬಿಯಲ್ಲಿ ಮನೆ ಮಾಡಿದರೆ ಎಷ್ಟು ಉಳಿದೀತು?

ಎಲ್ಲರೂ ಮೊದಲು ಹಿಡಿಯುವುದು ವಿನಿಮಯ ದರವನ್ನು. 1973ರ ಮೇ ತಿಂಗಳವರೆಗೆ ಎರಡೂ ದೇಶದ ಹಣ ಒಂದಕ್ಕೊಂದು ಸಮನಾಗಿ ಚಲಾವಣೆಯಾಗುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಒಂದು ಸಿಂಗಪುರ ಡಾಲರಿಗೆ ಮೂರರಿಂದ ಮೂರೂವರೆ ಮಲೇಷ್ಯಾ ರಿಂಗಿಟ್ ಸಿಗುತ್ತಿದೆ. ಹಾಗೆಂದು ಸಂಬಳ ಮೂರು ಪಟ್ಟಾಯಿತು ಎಂದುಕೊಂಡರೆ ಲೆಕ್ಕ ಅಲ್ಲೇ ಹಳಿ ತಪ್ಪುತ್ತದೆ. ವಿನಿಮಯ ದರವನ್ನು ನಿರ್ಧರಿಸುವುದು ದೇಶಗಳ ನಡುವೆ ಓಡಾಡುವ ಸರಕು ಮತ್ತು ಬಂಡವಾಳ. ಮನೆ ಬಾಡಿಗೆ, ಕ್ಷೌರ, ಬೀದಿಬದಿಯ ಊಟ ಹಡಗು ಹತ್ತುವುದಿಲ್ಲ. ಮೊಬೈಲ್ ಫೋನಿನ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಕ್ಷೌರದ ಬೆಲೆಯಲ್ಲಿ ಭಾರೀ ಅಂತರ. ಇದರ ಕಾರಣವನ್ನು 1964ರಲ್ಲಿ ಅರ್ಥಶಾಸ್ತ್ರಜ್ಞರಾದ ಬೆಲಾ ಬಲಾಸ್ಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಬೇರೆಬೇರೆಯಾಗಿ ವಿವರಿಸಿದರು. ಸಿಂಗಪುರದ ಚಿಪ್ ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನ ಉತ್ಪಾದನೆ ಹೆಚ್ಚು, ಹಾಗಾಗಿ ಸಂಬಳವೂ ಹೆಚ್ಚು. ಅದೇ ಊರಿನ ಕ್ಷೌರಿಕನ ಕತ್ತರಿ ಜೆಬಿಯವನ ಕತ್ತರಿಗಿಂತ ವೇಗವಾಗಿ ಓಡುವುದಿಲ್ಲ. ಆದರೂ ಅವನಿಗೆ ಆ ಊರಿನ ಕೂಲಿಯನ್ನೇ ಕೊಡಬೇಕು, ಇಲ್ಲದಿದ್ದರೆ ಅವನು ಬೇರೆ ಕೆಲಸಕ್ಕೆ ಹೋಗುತ್ತಾನೆ.

ಆದ್ದರಿಂದ ನೋಡಬೇಕಾದದ್ದು ಕೊಳ್ಳುವ ಶಕ್ತಿಯ ಅನುಪಾತ: ಸಿಂಗಪುರದಲ್ಲಿ ಒಂದು ಡಾಲರಿಗೆ ಬರುವಷ್ಟು ಸಾಮಾನನ್ನು ಜೆಬಿಯಲ್ಲಿ ಕೊಳ್ಳಲು ಎಷ್ಟು ರಿಂಗಿಟ್ ಬೇಕು? ಕಗ್ಗಂಟಿರುವುದು ಇಲ್ಲಿ. ಯಾರ ಸಾಮಾನಿನ ಚೀಟಿ ಹಿಡಿದು ಲೆಕ್ಕ ಹಾಕುವುದು?

ಲೆಕ್ಕ ಕಲಿಯಲೆಂದು ಎರಡೇ ವಸ್ತು ಇಟ್ಟುಕೊಳ್ಳೋಣ, ಬೆಲೆಗಳು ಉದಾಹರಣೆಗಷ್ಟೆ. ಹೊರಗಿನ ಒಂದು ಊಟ ಸಿಂಗಪುರದಲ್ಲಿ 6 ಡಾಲರ್, ಜೆಬಿಯಲ್ಲಿ 10 ರಿಂಗಿಟ್. ಆಮದು ಹಾಲಿನ ಪುಡಿಯ ಡಬ್ಬಿ ಈಚೆ 30 ಡಾಲರ್, ಆಚೆ 90 ರಿಂಗಿಟ್. ಸಿಂಗಪುರದ ಮನೆಯವರು ತಿಂಗಳಿಗೆ 30 ಊಟ, 5 ಡಬ್ಬಿ ಕೊಳ್ಳುತ್ತಾರೆ ಎನ್ನಿ. ಈಚೆ ಖರ್ಚು 330 ಡಾಲರ್, ಆಚೆ 750 ರಿಂಗಿಟ್, ಅನುಪಾತ 2.27. ಜೆಬಿಯವರಿಗೆ ಊಟ ಅಗ್ಗ, ಡಬ್ಬಿ ತುಟ್ಟಿ. ಹಾಗಾಗಿ ಅವರು 60 ಊಟ, 2 ಡಬ್ಬಿ ಕೊಳ್ಳುತ್ತಾರೆ. ಆ ಚೀಟಿಗೆ ಈಚೆ 420 ಡಾಲರ್, ಆಚೆ 780 ರಿಂಗಿಟ್, ಅನುಪಾತ 1.86. ಇವನ್ನು 3.3ರ ವಿನಿಮಯ ದರದಿಂದ ಭಾಗಿಸಿದರೆ 0.69, 0.56 ಬರುತ್ತದೆ. ಸಿಂಗಪುರದವರ ಚೀಟಿ ಹಿಡಿದರೆ ಜೆಬಿ ಶೇ 31ರಷ್ಟು ಅಗ್ಗ. ಜೆಬಿಯವರ ಚೀಟಿ ಹಿಡಿದರೆ ಶೇ 44ರಷ್ಟು. ಊರು ಅವೇ, ಬೆಲೆ ಅವೇ, ಉತ್ತರ ಮಾತ್ರ ಎರಡು. ಯಾವುದೂ ಸುಳ್ಳಲ್ಲ. ಸಂಖ್ಯಾಶಾಸ್ತ್ರಜ್ಞರು ಎರಡು ಅನುಪಾತಗಳನ್ನು ಗುಣಿಸಿ ವರ್ಗಮೂಲ ತೆಗೆಯುತ್ತಾರೆ. ಅದಕ್ಕೆ ಫಿಶರ್ ಸೂಚ್ಯಂಕ ಎಂದು ಹೆಸರು. ಇಲ್ಲಿ ಅದು 2.05, ಅಂದರೆ ಶೇ 38ರಷ್ಟು ಅಗ್ಗ.

ಮನೆ ಬದಲಿಸಲು ಹೊರಟವರು ಮೂರು ತಿಂಗಳ ಸ್ವಂತ ರಸೀದಿಗಳಿಂದಲೇ ಮೊದಲ ಚೀಟಿ ಬರೆಯಬೇಕು. ಬೆಲೆಗಿಂತ ಮುಖ್ಯವಾಗಿ ಪ್ರಮಾಣ ಬರೆಯಿರಿ: ಎಷ್ಟು ಕೆಜಿ, ಎಷ್ಟು ಲೀಟರ್, ಎಷ್ಟು ಊಟ. ದರವನ್ನು ಕೆಜಿಗೆ ಇಳಿಸಿಯೇ ಹೋಲಿಸಿ; ಪೊಟ್ಟಣದ ಗಾತ್ರ ಎರಡೂ ಕಡೆ ಒಂದೇ ಇರುವುದಿಲ್ಲ. ವಿನಿಮಯಕ್ಕೆ ಇವತ್ತಿನ ದರ ಬೇಡ, ಎರಡು ಮೂರು ವರ್ಷದ ಸರಾಸರಿ ಹಿಡಿಯಿರಿ.

ಬೆಲೆ ಬರೆಯುವಾಗ ಎಡವುವುದು ಸಬ್ಸಿಡಿಯಲ್ಲಿ. ಮಲೇಷ್ಯಾದಲ್ಲಿ ಸ್ಥಳೀಯ ಬಿಳಿ ಅಕ್ಕಿಯ 10 ಕೆಜಿ ಚೀಲಕ್ಕೆ 26 ರಿಂಗಿಟ್ ನಿಯಂತ್ರಿತ ಬೆಲೆ. ಓದಿದರೆ ಆಸೆಯಾಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಬೇಯುವುದು ಸೋನಾ ಮಸೂರಿ. ಅದು ಆಮದು ಅಕ್ಕಿ, ಆ ಬೆಲೆ ಅದಕ್ಕಿಲ್ಲ. 1 ಕೆಜಿ ಪ್ಯಾಕೆಟ್ಟಿನ ಅಡುಗೆ ಎಣ್ಣೆಯ 2.50 ರಿಂಗಿಟ್ ದರ ಮಲೇಷ್ಯಾದ ಪ್ರಜೆಗಳಿಗೆ ಮಾತ್ರ. ಸಬ್ಸಿಡಿಯ ರಾನ್95 ದರ್ಜೆಯ ಪೆಟ್ರೋಲನ್ನು ವಿದೇಶಿ ನೋಂದಣಿಯ ಕಾರಿಗೆ ಹಾಕುವುದಕ್ಕೆ 2010ರಿಂದಲೇ ನಿಷೇಧವಿದೆ, ಸಬ್ಸಿಡಿಯಿಲ್ಲದ ರಾನ್97 ಹಾಕಿಸಬೇಕು. ಇತ್ತ ಸಿಂಗಪುರದ ಕಾರು ಗಡಿ ದಾಟುವಾಗ ಮುಕ್ಕಾಲು ಟ್ಯಾಂಕ್ ಇಂಧನ ಇರಲೇಬೇಕು. ಆಚೆಯಿಂದ ಸಾಮಾನು ತರುವುದಕ್ಕೂ ಮಿತಿಯಿದೆ: 48 ಗಂಟೆಯೊಳಗೆ ಮರಳಿದರೆ 100 ಡಾಲರ್ ಮೌಲ್ಯದವರೆಗೆ ತೆರಿಗೆಯಿಲ್ಲ, ಮೇಲಿನದಕ್ಕೆ ಶೇ 9 ಜಿಎಸ್‌ಟಿ; ಸಿಂಗಪುರದ ಕೆಲಸದ ಪಾಸ್ ಇರುವವರಿಗೆ ಈ ವಿನಾಯಿತಿಯೂ ಇಲ್ಲ. ನಿಮಗೆ ದಕ್ಕದ ಬೆಲೆ ನಿಮ್ಮ ಚೀಟಿಯಲ್ಲಿ ಇರಬಾರದು.

ಕಾರಿನ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪಾಗುತ್ತದೆ. ಸಿಂಗಪುರದಲ್ಲಿ ಕಾರು ಇಡಲು 10 ವರ್ಷದ ಹಕ್ಕುಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು. 2023ರ ಅಕ್ಟೋಬರ್‌ನಲ್ಲಿ ಚಿಕ್ಕ ಕಾರಿನ ಪತ್ರವೇ 1 ಲಕ್ಷ ಡಾಲರ್ ದಾಟಿತ್ತು. ಜೀವನವೆಚ್ಚದ ಪಟ್ಟಿಗಳಲ್ಲಿ ಸಿಂಗಪುರ ಮೇಲೇರಲು ಇದೂ ಒಂದು ಕಾರಣ. ಆ ಪಟ್ಟಿಗಳು ಬಹುಮಟ್ಟಿಗೆ ಕಂಪನಿ ಕಳಿಸಿದ ವಿದೇಶಿ ನೌಕರರ ಬದುಕನ್ನು ಅಳೆಯುವಂಥವು. ಸಿಂಗಪುರದ ನಗರ ರೈಲು ಎಂಆರ್‌ಟಿಯಲ್ಲಿ ಓಡಾಡುವವರ ಚೀಟಿಯಲ್ಲಿ ಕಾರು ಇರುವುದೇ ಇಲ್ಲ. ಅದೇ ಜನ ಜೆಬಿಗೆ ಹೋದರೆ, ಅಲ್ಲಿ ಬಸ್ಸು ವಿರಳವಾದ್ದರಿಂದ, ಕಾರು ಕೊಳ್ಳಬೇಕಾಗುತ್ತದೆ. ಅಗ್ಗದ ಊರಿನಲ್ಲಿ ಹೊಸದೊಂದು ಖರ್ಚು ಹುಟ್ಟಿತು. ಹಾಗೆಯೇ ಇಡೀ ಮಲೇಷ್ಯಾಕ್ಕೆ ಲೆಕ್ಕ ಹಾಕಿದ ವಿಶ್ವಬ್ಯಾಂಕಿನ ಅನುಪಾತವನ್ನು ತಂದು ಜೆಬಿಗೆ ಅಂಟಿಸಬೇಡಿ. ದೇಶದ ಸರಾಸರಿಯಲ್ಲಿ ಕೆಲಂತಾನ್‌ನ ಹಳ್ಳಿಗಳೂ ಸೇರಿವೆ; ಚೆಕ್‌ಪೋಸ್ಟ್ ಬಳಿಯ ಅಂಗಡಿ ಸಿಂಗಪುರದ ಗಿರಾಕಿಯನ್ನು ನೋಡಿಯೇ ಬೆಲೆ ಇಟ್ಟಿರುತ್ತದೆ.

ಕೊನೆಗೆ ಸಮಯ. ಬಾಡಿಗೆ ಮತ್ತು ಊಟದಲ್ಲಿ ತಿಂಗಳಿಗೆ 1,200 ಡಾಲರ್ ಉಳಿಯುತ್ತದೆ, ಗಡಿಯಲ್ಲಿ ದಿನಕ್ಕೆ 2 ಗಂಟೆ ಹೆಚ್ಚು ಹೋಗುತ್ತದೆ ಎನ್ನೋಣ. 22 ದಿನಕ್ಕೆ 44 ಗಂಟೆ. ಗಂಟೆಗೆ ಸುಮಾರು 27 ಡಾಲರ್ ಬಂತು. ಆ ಗಂಟೆ ಮಕ್ಕಳ ಜೊತೆಗಿನದೋ, ನಿದ್ದೆಯದೋ ಆಗಿದ್ದರೆ 27 ಡಾಲರ್ ಸಾಕೇ ಎಂದು ಮನೆಯವರೇ ಕೂತು ತೀರ್ಮಾನಿಸಬೇಕು. ಜೆಬಿಯ ಬುಕಿಟ್ ಚಗಾರ್‌ನಿಂದ ಸಿಂಗಪುರದ ವುಡ್‌ಲ್ಯಾಂಡ್ಸ್ ನಾರ್ತ್‌ಗೆ 4 ಕಿಲೋಮೀಟರಿನ ರೈಲು ಮಾರ್ಗ ರೂಪಿಸಿದ್ದಾರೆ: ಗಂಟೆಗೆ ಒಂದು ದಿಕ್ಕಿನಲ್ಲಿ 10,000 ಜನ, ಎರಡೂ ದೇಶದ ಪಾಸ್‌ಪೋರ್ಟ್ ತಪಾಸಣೆ ಹತ್ತುವ ಕಡೆಯೇ. ಕಾಯುವ ಹೊತ್ತು ಇಳಿದಷ್ಟೂ ಬುಕಿಟ್ ಚಗಾರ್ ಸುತ್ತಲಿನ ಬಾಡಿಗೆ ಏರುತ್ತದೆ. ಇಷ್ಟು ದಿನ ಅದನ್ನು ಕೆಳಗೆ ಹಿಡಿದಿಟ್ಟದ್ದೇ ಗಡಿಯಲ್ಲಿ ಕಾಯುವ ಆ ಸರದಿ. ಆ ಭಾಗದಲ್ಲಿ ಮನೆ ನೋಡುವವರು ಚೀಟಿಯಲ್ಲಿ ಬಾಡಿಗೆಯ ಸಾಲನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.