ಸಣಕಲು ನಾಯಿಯ ತಟ್ಟೆಯಲ್ಲಿ ನೀರೆಷ್ಟು?

"ಎಷ್ಟು ಹಾಕಿದರೂ ತಿನ್ನುತ್ತೆ, ಆದರೆ ಮೈಗೇ ಹತ್ತಲ್ಲ." ನಾಯಿ ಸಾಕಿದವರು ಯಾರಾದರೂ ಹೀಗೆ ಅಂದರೆ ಸಾಕು, ಸಲಹೆಗಳ ಸುರಿಮಳೆ ಶುರುವಾಗುತ್ತದೆ. ದೃಷ್ಟಿಯಾಗಿದೆ, ಕುತ್ತಿಗೆಗೆ ಕಪ್ಪು ದಾರ ಕಟ್ಟಿ. ಹಾಲು ಜಾಸ್ತಿ ಕೊಡಿ. ಮೊಟ್ಟೆ ಮಾತ್ರ ಬೇಡ, ಹೀಟು. ಪ್ರೋಟೀನ್ ಜಾಸ್ತಿ ಇರೋ ಪ್ಯಾಕೆಟ್ ತನ್ನಿ. ಕಪ್ಪು ದಾರದಲ್ಲಿ ಕ್ಯಾಲೊರಿ ಇಲ್ಲ ಅಂತ ವಾದ ಮಾಡಿ ನನಗಂತೂ ಸಾಕಾಗಿದೆ. ಹೀಟಿನ ಮಾತಿಗೂ ಆಧಾರವಿಲ್ಲ, ಬೇಯಿಸಿದ ಮೊಟ್ಟೆಯನ್ನು ಧಾರಾಳವಾಗಿ ಕೊಡಬಹುದು. ಇವನ್ನೆಲ್ಲ ಬದಿಗಿಟ್ಟರೂ ಒಂದು ತಪ್ಪು ಉಳಿಯುತ್ತದೆ. ತಟ್ಟೆಯಲ್ಲಿರುವ ನೀರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅದಕ್ಕೂ ಮೊದಲು, ನಾಯಿ ನಿಜವಾಗಿ ಸಣಕಲೇ ಅಂತ ನೋಡಬೇಕು. ಮುಧೋಳ ನಾಯಿ ತಂದವರಿಗೆ ಇದು ಮಾಮೂಲಿ ಪೇಚು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ ಅದು. ಓಡಿ ಬೇಟೆಯಾಡಲು ಬೆಳೆಸಿದ್ದು. ಹೊಟ್ಟೆ ಒಳಕ್ಕೆ ಎಳೆದಿರುತ್ತದೆ, ಒಂದೆರಡು ಪಕ್ಕೆಲುಬು ಕಾಣುತ್ತವೆ. ಆರೋಗ್ಯವಾಗಿದ್ದರೂ ಅದರ ಮೈಕಟ್ಟೇ ಹಾಗೆ. ಪಕ್ಕದ ಮನೆಯ ಲ್ಯಾಬ್ರಡಾರ್ ನೋಡಿ ಇದನ್ನೂ ಹಾಗೆ ಮಾಡಲು ಹೊರಟರೆ ಕೀಲುಗಳಿಗೇ ಪೆಟ್ಟು.

ಪಶುವೈದ್ಯರು 1ರಿಂದ 9ರವರೆಗೆ ಅಂಕ ಕೊಡುವ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. 4 ಅಥವಾ 5 ಬಂದರೆ ಸರಿ. ಮನೆಯಲ್ಲಿ ಕೈಯಿಂದಲೇ ನೋಡಬಹುದು. ನಾಯಿಯ ಪಕ್ಕೆಯನ್ನು ಮೆತ್ತಗೆ ಸವರಿ. ಮುಷ್ಟಿ ಕಟ್ಟಿದಾಗ ಬೆರಳ ಗೆಣ್ಣುಗಳು ಸಿಗುವ ಹಾಗೆ ಎಲುಬು ಸಿಕ್ಕರೆ ನಾಯಿ ಬಡಕಲು. ಕೈ ಚಾಚಿದಾಗ ಹಿಂಗೈ ಸಿಗುವ ಹಾಗಿದ್ದರೆ ಸರಿಯಾಗಿದೆ. ಉದ್ದ ಕೂದಲಿನ ನಾಯಿಗಳಲ್ಲಿ ಕಣ್ಣನ್ನು ನಂಬಲೇಬೇಡಿ.

ಈಗ ನನಗೆ ಇಷ್ಟವಾದ ವಿಷಯ. ಒಂದು ನಾಯಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು? ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ರುಬ್ನರ್ 1883ರಲ್ಲಿ ಈ ಪ್ರಶ್ನೆಯನ್ನು ನಾಯಿಗಳಿಂದಲೇ ಬಿಡಿಸಲು ಹೊರಟ. ಸುಮಾರು 3 ಕೆಜಿಯ ಪುಟಾಣಿಯಿಂದ 31 ಕೆಜಿಯ ದೊಡ್ಡ ನಾಯಿಯವರೆಗೆ ಹಲವು ನಾಯಿಗಳನ್ನು ಹೋಲಿಸಿ ನೋಡಿದ. ಒಂದು ಕೆಜಿ ಮೈಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಸಣ್ಣ ನಾಯಿ ದೊಡ್ಡದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬಿಡುತ್ತಿತ್ತು. ತೂಕಕ್ಕೆ ಹೋಲಿಸಿದರೆ ಸಣ್ಣ ನಾಯಿಗೆ ಚರ್ಮದ ವಿಸ್ತೀರ್ಣ ಹೆಚ್ಚು, ಅದೇ ಇದಕ್ಕೆ ಕಾರಣ ಅಂತ ಅವನ ತೀರ್ಮಾನ. ಚೆಂದದ ವಿವರಣೆ, ಆದರೆ ಪೂರ್ತಿ ಸರಿಯಲ್ಲ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಇಲಿಯಿಂದ ಎತ್ತಿನವರೆಗಿನ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದ. ಶಕ್ತಿಯ ಖರ್ಚು ತೂಕದ ಮುಕ್ಕಾಲು ಘಾತದ ಜೊತೆ ಏರುತ್ತದೆ, ಅಂದರೆ ತೂಕ ಎರಡು ಪಟ್ಟಾದರೂ ಖರ್ಚು ಅಷ್ಟು ಏರುವುದಿಲ್ಲ ಅಂತ ತೋರಿಸಿದ. ಯಾಕೆ ಮುಕ್ಕಾಲು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಪಶುವೈದ್ಯರು ಮಾತ್ರ ಆರಾಮಾಗಿ ಅದನ್ನೇ ಬಳಸುತ್ತಾರೆ.

ಈ ಮುಕ್ಕಾಲು ಘಾತ ತೆಗೆಯಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಾಯಿ ಇರಬೇಕಾದ ತೂಕ ತಗೊಳ್ಳಿ, ಈಗಿರುವುದಲ್ಲ. 20 ಕೆಜಿ ಅನ್ನಿ. ಅದನ್ನೇ ಮೂರು ಸಲ ಇಟ್ಟು ಗುಣಿಸಿ (20×20×20), 8000. ಎರಡು ಸಲ ವರ್ಗಮೂಲ ಒತ್ತಿ, ಸುಮಾರು 9.46. ಅದನ್ನು 70ರಿಂದ ಗುಣಿಸಿದರೆ 662. ಸುಮ್ನೆ ಮಲಗಿದ್ದರೂ ಇಷ್ಟು ಕ್ಯಾಲೊರಿ ಬೇಕು. ಸಂತಾನಹರಣ ಆಪರೇಷನ್ ಆದ, ಮನೆಯಲ್ಲೇ ಇರುವ ನಾಯಿಗೆ ಅದರ 1.6 ಪಟ್ಟು, ಅಂದರೆ ದಿನಕ್ಕೆ ಸುಮಾರು 1060.

ಈ 1060ನ್ನು ಬೇರೆ ಬೇರೆ ತಟ್ಟೆಗೆ ಹಾಕಿ ನೋಡೋಣ. ರಾಗಿ ಹಿಟ್ಟು ಗಟ್ಟಿ ಆಹಾರವೇ, 100 ಗ್ರಾಮಿಗೆ 320ರ ಆಸುಪಾಸು ಕ್ಯಾಲೊರಿ. ಮುದ್ದೆ ತೊಳಸುವ ಹೊತ್ತಿಗೆ ಅದು ನೀರು ಹೀರಿ ಸುಮಾರು ಮೂರು ಪಟ್ಟು ತೂಗುತ್ತದೆ. ಹಾಗಾಗಿ 100 ಗ್ರಾಂ ಮುದ್ದೆಯಲ್ಲಿ 110ರಷ್ಟು ಮಾತ್ರ. ಬರೀ ಮುದ್ದೆಯಿಂದಲೇ ಆಗಬೇಕಾದರೆ ದಿನಕ್ಕೆ ಒಂದು ಕೆಜಿ ಹತ್ತಿರ ಹಾಕಬೇಕು. ಅದರಲ್ಲಿ ಕೊಬ್ಬು ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಅನ್ನದ್ದೂ ಇದೇ ಕಥೆ. ಹೊಟ್ಟೆ ತುಂಬಿ ಡುಮ್ಮಗಾಗುತ್ತದೆ, ನಾಯಿ ತೇಗಿ ಮಲಗುತ್ತದೆ, ಬೆನ್ನೆಲುಬು ಹಾಗೇ ಎದ್ದು ಕಾಣುತ್ತಿರುತ್ತದೆ.

ಹಾಗಂತ ಅಂಗಡಿಯ ಗ್ರೇವಿ ಪೌಚ್ ವಾಸಿ ಅಂದುಕೊಳ್ಳಬೇಡಿ. ಲೇಬಲ್ಲಿನಲ್ಲಿ ಪ್ರೋಟೀನ್ 8, ಕೊಬ್ಬು 4, ನಾರು 1, ತೇವಾಂಶ 82 ಶೇಕಡಾ ಅಂತಿದೆ ಅನ್ನಿ. ಖನಿಜ 2 ಅಂತ ಹಿಡಿದರೆ ಉಳಿದ 3 ಪಿಷ್ಟ. ನಾಯಿ ಆಹಾರದ ಲೆಕ್ಕದಲ್ಲಿ ಒಂದು ಗ್ರಾಂ ಪ್ರೋಟೀನಿಗೆ 3.5 ಕ್ಯಾಲೊರಿ, ಪಿಷ್ಟಕ್ಕೂ 3.5, ಕೊಬ್ಬಿಗೆ 8.5. ಕೂಡಿಸಿದರೆ 100 ಗ್ರಾಮಿಗೆ 72 ಚಿಲ್ಲರೆ. ಮುದ್ದೆಗಿಂತ ಕಡಿಮೆ! 80 ಗ್ರಾಮಿನ ಪೌಚಾದರೆ ದಿನಕ್ಕೆ 18 ಕತ್ತರಿಸಬೇಕು. ಇನ್ನೊಂದು ಕಡೆ ಒಣ ಆಹಾರದ ಚೀಲ: ಪ್ರೋಟೀನ್ 28, ಕೊಬ್ಬು 18, ನಾರು 3, ತೇವಾಂಶ 9, ಖನಿಜ 7. ಉಳಿದ 35 ಪಿಷ್ಟ. 100 ಗ್ರಾಮಿಗೆ 373. ದಿನಕ್ಕೆ 285 ಗ್ರಾಂ ಸಾಕು.

ತಮಾಷೆ ಏನು ಗೊತ್ತಾ? ನೀರು ತೆಗೆದು ನೋಡಿದರೆ ಪೌಚಿನಲ್ಲೇ ಕೊಬ್ಬು ಜಾಸ್ತಿ. ಒಣ ಭಾಗ 18 ಗ್ರಾಂ, ಅದರಲ್ಲಿ ಕೊಬ್ಬು 4, ಅಂದರೆ ಶೇಕಡಾ 22. ಚೀಲದ್ದು 91ರಲ್ಲಿ 18, ಶೇಕಡಾ 20ಕ್ಕೂ ಒಂಚೂರು ಕಡಿಮೆ. ಗುಣಮಟ್ಟ ಹೋಲಿಸುವಾಗ ನೀರು ಕಳೆಯಬೇಕು, ಹೊಟ್ಟೆಯಲ್ಲಿ ಹಿಡಿಯುತ್ತಾ ಅಂತ ನೋಡುವಾಗ ನೀರನ್ನು ಮತ್ತೆ ಸೇರಿಸಬೇಕು. ಒಂದನ್ನೇ ಮಾಡಿದರೆ ಲೇಬಲ್ ನಿಮ್ಮನ್ನು ಏಮಾರಿಸುತ್ತದೆ. ಊಟಕ್ಕೆ ಮೂತಿ ತಿರುಗಿಸುವ ನಾಯಿಗೆ ಒಣ ಕಾಳಿನ ಮೇಲೆ ಎರಡು ಚಮಚ ಗ್ರೇವಿ ಹಾಕಿ. ಪೌಚಿನ ಕೆಲಸ ಅಷ್ಟೇ.

ಪ್ರೋಟೀನ್ ಹುಚ್ಚಿಗೂ ಇಲ್ಲೇ ಉತ್ತರವಿದೆ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು, ಅನುಮಾನವಿಲ್ಲ. ಆದರೆ ಗ್ರಾಮಿಗೆ ಅದು ಕೊಡುವ ಶಕ್ತಿ ಪಿಷ್ಟದಷ್ಟೇ. ತೂಕ ಏರಿಸುವುದು ಕೊಬ್ಬು. ಬೆಳೆದ ಬಡಕಲು ನಾಯಿಗೆ ಕೆಲವು ವೈದ್ಯರು ಮರಿಗಳ ಆಹಾರವನ್ನೇ ಹಾಕಲು ಹೇಳುವುದು ಇದಕ್ಕೇ. ಅದರಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಜಾಸ್ತಿ. ಮೂತ್ರಪಿಂಡದ ತೊಂದರೆ ಇರುವ ಮುದಿ ನಾಯಿಗೆ ಮಾತ್ರ ಕೇಳದೆ ಹಾಕಬೇಡಿ.

ಅನ್ನ, ಮುದ್ದೆ ಹಾಕಲೇಬಾರದು, ನಾಯಿ ತೋಳದ ವಂಶ ಅನ್ನುವ ಹೊಸ ಮಡಿವಂತರೂ ಇದ್ದಾರೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇದಕ್ಕೆ ಉತ್ತರ ಕೊಟ್ಟಾಗಿದೆ. ಪಿಷ್ಟ ಅರಗಿಸುವ ಅಮೈಲೇಸ್ ಜೀನು ತೋಳದಲ್ಲಿ 2 ಪ್ರತಿ, ನಾಯಿಗಳಲ್ಲಿ 4ರಿಂದ 30. ನಮ್ಮ ಜೊತೆ ಉಂಡುಂಡೇ ಅದರ ಹೊಟ್ಟೆ ಪಿಷ್ಟಕ್ಕೆ ಒಗ್ಗಿದ್ದು. ಚೆನ್ನಾಗಿ ಬೆಂದ ಮುದ್ದೆ ಅದಕ್ಕೆ ಅರಗುತ್ತದೆ, ತೂಕ ಏರಿಸಲು ಮಾತ್ರ ಸಾಲದು. ಹಾಲು ಬೇರೆ ವಿಷಯ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಕಡಿಮೆ, ಅದಕ್ಕೇ ಹಲವಕ್ಕೆ ಭೇದಿ. ತೂಕ ಏರಲಿ ಅಂತ ಹಾಕಿದ್ದು ಇಳಿಸಿಬಿಡುತ್ತದೆ.

ಕೊಬ್ಬು ಬೇಕು ಅಂದೆ ಅಂತ ಸೌಟುಗಟ್ಟಲೆ ತುಪ್ಪ ಸುರಿಯುವುದೂ ಅಪಾಯ. ಒಮ್ಮೆಲೇ ಕೊಬ್ಬು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ಶುರುವಾಗಬಹುದು. ಹೊಸ ಆಹಾರವನ್ನು ಒಂದು ವಾರದಲ್ಲಿ ಹಳೆಯದರ ಜೊತೆ ಬೆರೆಸುತ್ತಾ ಬದಲಿಸಿ. ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ. ಸಾರಿನ ಈರುಳ್ಳಿ, ಬೆಳ್ಳುಳ್ಳಿ ತಟ್ಟೆಗೆ ಬೀಳದಿರಲಿ, ಅವು ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಬೀದಿಯಿಂದ ತಂದ, ಎಷ್ಟೋ ದಿನ ಉಪವಾಸವಿದ್ದ ನಾಯಿಗೆ ಮೊದಲ ದಿನವೇ ಹೊಟ್ಟೆ ತುಂಬಾ ಹಾಕಬೇಡಿ. ಹಠಾತ್ತಾಗಿ ಏರುವ ಇನ್ಸುಲಿನ್ ರಕ್ತದ ಫಾಸ್ಫರಸನ್ನು ಜೀವಕೋಶಗಳೊಳಗೆ ಎಳೆದುಕೊಂಡು ಹೃದಯಕ್ಕೇ ಕುತ್ತು ತರಬಹುದು. ವೈದ್ಯರ ಮಾತಿನಂತೆ ಹಂತ ಹಂತವಾಗಿ ಏರಿಸಬೇಕು.

ಇಷ್ಟೆಲ್ಲ ಲೆಕ್ಕ ಸರಿಯಿದ್ದೂ ತೂಕ ಏರದಿದ್ದರೆ? ತೂಗುವುದು ಸುಲಭ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಎರಡು ವಾರಕ್ಕೊಮ್ಮೆ ಸಾಕು. ಏರದಿದ್ದರೆ ಆಹಾರ ಬದಲಿಸುತ್ತಾ ಕೂರಬೇಡಿ, ಮಲ ಪರೀಕ್ಷೆ ಮಾಡಿಸಿ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತಿರಬಹುದು. ಒಸಡು ಬಿಳಿಚಿದ್ದರೆ ಅದೊಂದು ಸುಳಿವು. ಉಣ್ಣೆ (ಉಣುಗು) ಹುಳು ಕಚ್ಚಿ ಬರುವ ಜ್ವರವೂ ನಾಯಿಯನ್ನು ಹೀಗೇ ಸೊರಗಿಸುತ್ತದೆ. ಜರ್ಮನ್ ಶೆಫರ್ಡ್ ಸಾಕಿದವರು ಇನ್ನೊಂದನ್ನೂ ಗಮನಿಸಬೇಕು. ಈ ತಳಿಯಲ್ಲಿ ಮೇದೋಜೀರಕ ಗ್ರಂಥಿ ಆಹಾರ ಅರಗಿಸುವ ಕಿಣ್ವ ಸುರಿಸುವುದನ್ನೇ ನಿಲ್ಲಿಸುವ ಕಾಯಿಲೆ ಬೇರೆಯವಕ್ಕಿಂತ ಜಾಸ್ತಿ. ನಾಯಿ ಹಸಿವು ಹಸಿವು ಅಂತ ತಿನ್ನುತ್ತಲೇ ಇರುತ್ತದೆ, ಜಿಡ್ಡು ಜಿಡ್ಡಾದ ಮಲ ರಾಶಿ ಹಾಕುತ್ತದೆ, ದಿನೇದಿನೇ ಇಳಿಯುತ್ತದೆ. ಇದಕ್ಕೆ ರಕ್ತ ಪರೀಕ್ಷೆ ಇದೆ. ಊಟದಲ್ಲಿ ಕಿಣ್ವದ ಪುಡಿ ಬೆರೆಸಿ ಕೊಟ್ಟರೆ ಹೆಚ್ಚಿನವು ಮತ್ತೆ ಮೈ ತುಂಬಿಕೊಳ್ಳುತ್ತವೆ.